ಹಳೆಯ ಸ್ಪ್ರಿಂಗ್ ಸೋಫಾ: ಬಟ್ಟೆ ಆರಿಸುವ ಮೊದಲು ಮರ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಹಳೆಯ ತೋಟದ ಮನೆಗಳಲ್ಲಿ ಬೀಟೆ ಅಥವಾ ತೇಗದ ಚೌಕಟ್ಟಿನ ಸ್ಪ್ರಿಂಗ್ ಸೋಫಾಗಳು ಇಂದಿಗೂ ಉಳಿದಿವೆ. ಬಟ್ಟೆ ಹರಿದು ಸ್ಪ್ರಿಂಗ್ ಚುಚ್ಚತೊಡಗಿದೊಡನೆ ಅವನ್ನು ಗುಜರಿಗೆ ಹಾಕುವವರಿದ್ದಾರೆ. ಬಟ್ಟೆಯನ್ನೂ ಸ್ಪ್ರಿಂಗನ್ನೂ ಎಂದು ಬೇಕಾದರೂ ಬದಲಾಯಿಸಬಹುದು. ಅಂಥ ಮರ ಮಾತ್ರ ಈಗ ಸುಲಭಕ್ಕೆ ಸಿಗುವುದಿಲ್ಲ.

ಆದ್ದರಿಂದ ಮೊದಲು ಸೋಫಾವನ್ನು ಮಗುಚಿ, ಅಡಿಯ ಬಟ್ಟೆ ತೆಗೆದು, ಕಾಲು ಮತ್ತು ಕೈಗಳ ಕೀಲುಗಳನ್ನು ಅಲುಗಾಡಿಸಿ ನೋಡಬೇಕು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಹೊಸದಾಗಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿರುವ ಸಂಭವವಿದೆ. ಔಷಧಿ ಹಾಕಿಸದೆ ಮುಂದುವರಿಯಬಾರದು. ಸಡಿಲಗೊಂಡ ಕೀಲಿಗೆ ಮೊಳೆ ಹೊಡೆಯದೆ, ಅದನ್ನು ಬಿಚ್ಚಿ, ಹಳೆಯ ಅಂಟು ಕೆರೆದು, ಮತ್ತೆ ಅಂಟಿಸಿ ಬಿಗಿಯಾಗಿ ಕಟ್ಟಿಡಬೇಕು.

ಮೇಲಿನ ಬಟ್ಟೆಯನ್ನು ಹರಿಯದಂತೆ, ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆಯಿರಿ. ಹೊಸ ಬಟ್ಟೆ ಕತ್ತರಿಸಲು ಅದೇ ಅಳತೆ.

ಸುರುಳಿ ಸ್ಪ್ರಿಂಗುಗಳು ಸೋಫಾದೊಳಗೆ ಬಂದದ್ದು 19ನೇ ಶತಮಾನದಲ್ಲಿ. ಕೂತವರಿಗೆ ಸಿಗುವ ಸುಖವೆಲ್ಲ ಅವನ್ನು ಕಟ್ಟುವ ಹುರಿಯಲ್ಲಿದೆ. ಮೊದಲು ಚೌಕಟ್ಟಿನ ತಳಕ್ಕೆ ಸೆಣಬಿನ ಪಟ್ಟಿಗಳನ್ನು ಚಾಪೆಯ ಹೆಣಿಗೆಯಂತೆ ಅಡ್ಡಡ್ಡ ಹಾಯಿಸಿ ಬಿಗಿಯಬೇಕು. ಅವುಗಳ ಮೇಲೆ ಸ್ಪ್ರಿಂಗುಗಳನ್ನು ಹೊಲಿದು, ಪ್ರತಿಯೊಂದನ್ನೂ ಒಂದೆರಡು ಇಂಚು ಅದುಮಿ, ಉದ್ದ, ಅಗಲ ಮತ್ತು ಎರಡೂ ಓರೆಗಳಲ್ಲಿ ಹುರಿ ಎಳೆದು, ಎದುರಾದ ಸ್ಪ್ರಿಂಗಿಗೆಲ್ಲ ಗಂಟು ಹಾಕುತ್ತ, ಹುರಿಯ ಎರಡೂ ತುದಿಗಳನ್ನು ಚೌಕಟ್ಟಿಗೆ ಬಿಗಿಯಬೇಕು. ಹೀಗೆ ಪ್ರತಿ ಸ್ಪ್ರಿಂಗಿಗೆ ಎಂಟು ದಿಕ್ಕಿನ ಹಿಡಿತ ಸಿಕ್ಕಿ, ಒಬ್ಬರು ಕೂತರೆ ಪಕ್ಕದವರು ವಾಲುವುದಿಲ್ಲ. ಕೂತಾಗ ಕಿರುಗುಟ್ಟುವುದನ್ನು ಹಳೆಯದರ ಗತ್ತು ಎಂದುಕೊಳ್ಳುವವರುಂಟು. ಬಹುಮಟ್ಟಿಗೆ ಅದು ಹುರಿ ಹರಿದು ಸ್ಪ್ರಿಂಗುಗಳು ಉಜ್ಜಾಡುವ ಸದ್ದು.

ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ, ಆಮೇಲೆ ತೆಂಗಿನ ನಾರು, ಅದರ ಮೇಲೆ ಹತ್ತಿ. ಕೆಲಸ ಬೇಗ ಮುಗಿಸಲು ಇವೆಲ್ಲದರ ಬದಲು ದಪ್ಪ ಫೋಮ್ ಹಾಕುವ ಸಲಹೆ ಬರಬಹುದು. ಸೋಫಾದ ಆಕಾರವೇ ಕೆಡುವುದರಿಂದ ನಾನದನ್ನು ಒಪ್ಪುವುದಿಲ್ಲ. ಮೇಲುಬಟ್ಟೆಗೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಲೆನಾಡಿನ ಮಳೆಗೆ ಗಾಳಿಯಾಡದ ರೆಕ್ಸಿನ್‌ಗಿಂತ ದಪ್ಪ ಹತ್ತಿಯೇ ಲೇಸು. ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇರಿಸಿದರೆ ಹಿಂಬದಿಗೆ ಬೂಷ್ಟು ಹಿಡಿಯುವುದು ಕಡಿಮೆ.

ಮರದ ಹೊಳಪನ್ನು ಕೂಡಲೇ ಉಜ್ಜಿ ತೆಗೆಯಬೇಡಿ. ಕಣ್ಣಿಗೆ ಬೀಳದ ಕಡೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಅದರ ಮೇಲೆಯೇ ತೆಳ್ಳಗೆ ಹೊಸ ಅರಗು ಹಚ್ಚಿಸಬಹುದು. ಬಿಸಿ ಕಾಫಿ ಲೋಟವನ್ನು ಮಾತ್ರ ಅಂಥ ಕೈಯ ಮೇಲೆ ಇಡಬಾರದು. ಬಿಳಿ ಕಲೆ ಬೀಳುತ್ತದೆ.