ಈ ಡಿಸೆಂಬರಿನಲ್ಲಿ ಬಿಲ್ಲಿನ ಚೀಲಗಳು ಬರಲಿಲ್ಲ

ತಡವಾಗಿ ಸಲ್ಲಿಸುವ ಆದಾಯ ತೆರಿಗೆ ರಿಟರ್ನಿಗೂ ಜಿಎಸ್‌ಟಿಯ ವಾರ್ಷಿಕ ರಿಟರ್ನಿಗೂ ಡಿಸೆಂಬರ್ 31 ಕೊನೆಯ ದಿನವಾಗಿರುವುದರಿಂದ, ಸಣ್ಣ ಊರಿನ ಆಡಿಟರ್ ಕಚೇರಿಯಲ್ಲಿ ವರ್ಷದ ಕೊನೆಯ ವಾರ ಹೇಗಿರುತ್ತದೆ ಎಂಬುದನ್ನು ಈ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕಚೇರಿಯಲ್ಲಿ ಈ ಸಲ, 2025ರಲ್ಲಿ, ಆ ಕೆಲಸವೆಲ್ಲ ಕ್ರಿಸ್‌ಮಸ್ಸಿಗೆ ಮೊದಲೇ ಮುಗಿಯಿತು. ಹಾಸನದಲ್ಲಿ ಸ್ವಂತ ಪ್ರಾಕ್ಟೀಸು ಆರಂಭಿಸಿ ಮೂರನೆಯ ವರ್ಷದಲ್ಲಿರುವ ನನಗೆ ಇದು ಹೆಮ್ಮೆಯ ವಿಷಯವೇ ಸರಿ. ಏಕೆಂದರೆ, ವಾರಕ್ಕೊಮ್ಮೆ ಲೆಕ್ಕ ತರಿಸಿಕೊಂಡು ತಿಂಗಳಿಗೊಮ್ಮೆ ಫೀಸು ಪಡೆಯುವ ಪದ್ಧತಿ ನಮ್ಮೂರಿನಲ್ಲಿ ನಡೆಯುವುದಿಲ್ಲವೆಂದು ಹೇಳಿದವರು ಒಬ್ಬಿಬ್ಬರಲ್ಲ. "ನೋಡಮ್ಮ, ಇಲ್ಲಿ ಅಂಗಡಿಯವರು ಆಡಿಟರಿಗೆ ದುಡ್ಡು ಕೊಡುವುದು ನೋಟಿಸು ಬಂದಾಗ ಮಾತ್ರ" ಎಂದು ಇಲ್ಲಿ ದಶಕಗಳಿಂದ ಪ್ರಾಕ್ಟೀಸು ಮಾಡುತ್ತಿರುವ ಹಿರಿಯರೊಬ್ಬರು ನನ್ನ ಮುಖಕ್ಕೇ ಹೇಳಿದ್ದರು. ನನ್ನ ಜೊತೆಗೆ ಸಿಎ ತರಬೇತಿಯಾದ ಆರ್ಟಿಕಲ್‌ಶಿಪ್ ಮುಗಿಸಿ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಉಳಿದುಕೊಂಡ ಗೆಳೆಯರು ಇನ್ನೂ ಸ್ವಲ್ಪ ಮೃದುವಾಗಿ ಅದನ್ನೇ ಹೇಳಿದರು.

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೊದಲ ವರ್ಷ ನಾನೂ ಊರಿನ ರೂಢಿಯಂತೆ ಒಂದು ಜಿಎಸ್‌ಟಿ ರಿಟರ್ನಿಗೆ ಐನೂರು, ಒಂದು ಆದಾಯ ತೆರಿಗೆ ರಿಟರ್ನಿಗೆ ಸಾವಿರದಿಂದ ಸಾವಿರದ ಐನೂರರವರೆಗೆ ಎಂದು ಬಿಲ್ಲು ಮಾಡುತ್ತಿದ್ದೆ. ಬಿಲ್ಲು ಮಾಡಿದ ಮೊತ್ತ ನೆನಪಿನಿಂದ ಹೇಳುವುದಾದರೆ ಮೂರೂವರೆ ಲಕ್ಷದ ಆಸುಪಾಸು, ಕೈಗೆ ಬಂದದ್ದು ಎರಡು ಲಕ್ಷಕ್ಕೂ ಕಡಿಮೆ. ಕಚೇರಿಯ ಬಾಡಿಗೆ, ಸಾಫ್ಟ್‌ವೇರಿನ ಲೈಸೆನ್ಸು, ವಿದ್ಯುತ್ತು ಎಲ್ಲವನ್ನೂ ಕಳೆದರೆ ಉಳಿದದ್ದು ನನ್ನ ಹಳೆಯ ಸಂಬಳದ ಒಂದು ತಿಂಗಳಿಗೆ ಸಮ. ಹಣಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಚೀಲಗಳು. ಹಾರ್ಡ್‌ವೇರ್ ಅಂಗಡಿಯವರು ಸಿಮೆಂಟಿನ ಚೀಲದಲ್ಲಿಯೂ ಬಟ್ಟೆ ಅಂಗಡಿಯವರು ಸೀರೆಯ ಡಬ್ಬದಲ್ಲಿಯೂ ವರ್ಷದ ಬಿಲ್ಲುಗಳನ್ನು ತುಂಬಿಸಿ ತಂದು ಮೇಜಿನ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಿಗೆ ಬೆಳ್ಳಗಾಗಿರುತ್ತದೆ. ಅದರ ಮೇಲಿದ್ದ ಅಂಕಿಯನ್ನು ಊಹಿಸುತ್ತ ಕೂರುವುದಕ್ಕೆ ಐದು ವರ್ಷ ಓದಬೇಕಾಗಿರಲಿಲ್ಲ.

ಎರಡನೆಯ ವರ್ಷ ನಡೆಸಿದ ಪ್ರಯತ್ನಗಳೆಲ್ಲ ಒಂದರ ಹಿಂದೊಂದರಂತೆ ಬಿದ್ದುಹೋದವು. ಮೊದಲು ಮೊಬೈಲಿನ ಲೆಕ್ಕದ ಆ್ಯಪ್ ಒಂದನ್ನು ಹತ್ತು ಹನ್ನೆರಡು ಅಂಗಡಿಗಳಿಗೆ ನಾನೇ ಹೋಗಿ ಹಾಕಿಕೊಟ್ಟೆ. ಎರಡು ವಾರ ಕಳೆಯುವಷ್ಟರಲ್ಲಿ ಒಬ್ಬರೂ ಅದನ್ನು ತೆರೆಯುತ್ತಿರಲಿಲ್ಲ, ಏಕೆಂದರೆ ಗಿರಾಕಿ ಎದುರಿಗೆ ನಿಂತಿರುವಾಗ ಮೊಬೈಲು ನೋಡುವ ವ್ಯಾಪಾರಿ ನಮ್ಮಲ್ಲಿಲ್ಲ. ಆನ್‌ಲೈನ್ ಫಾರಮ್ಮು ಕಳುಹಿಸಿದಾಗ ಬಂದ ಉತ್ತರಗಳಲ್ಲಿ ಮಾರಾಟದ ಮೊತ್ತವಿದ್ದ ಜಾಗದಲ್ಲಿ 'ಪರವಾಗಿಲ್ಲ' ಎಂದು ಬರೆದವರೂ ಇದ್ದರು. ಮೂರನೆಯದಾಗಿ, ಅಂಗಡಿಯಿಂದ ಅಂಗಡಿಗೆ ಹೋಗಿ ಬಿಲ್ಲು ಸಂಗ್ರಹಿಸಲು ಒಬ್ಬ ಹುಡುಗನನ್ನು ಎಂಟು ಸಾವಿರ ಸಂಬಳಕ್ಕೆ ಇಟ್ಟುಕೊಂಡೆ, ಪೆಟ್ರೋಲು ಬೇರೆ. ಅವನು ಪ್ರಾಮಾಣಿಕ, ಆದರೆ ಹೋದಲ್ಲೆಲ್ಲ 'ನಾಳೆ ಬಾ' ಎಂದು ಕೇಳಿಸಿಕೊಂಡು ಬರುತ್ತಿದ್ದ. ನಾಲ್ಕೈದು ತಿಂಗಳಲ್ಲಿ ಆ ಒಂದು ಬಾಬ್ತಿಗೇ ಐವತ್ತು ಸಾವಿರದಷ್ಟು ಕರಗಿತು.

ಇವೆಲ್ಲವುಗಳಿಂದ ಒಂದು ವಿಷಯ ಸ್ಪಷ್ಟವಾಯಿತು. ನಾವು ಲೆಕ್ಕ ಕೇಳುತ್ತಿದ್ದದ್ದು ಗಲ್ಲಾದಲ್ಲಿ ಕುಳಿತವರನ್ನು, ಆದರೆ ಪ್ರತಿ ಅಂಗಡಿಯ ಮನೆಯಲ್ಲಿಯೂ ಲೆಕ್ಕದಲ್ಲಿ ಆಸಕ್ತಿಯಿರುವ ಬೇರೊಬ್ಬರು ಇದ್ದೇ ಇರುತ್ತಾರೆ. ಬಿ.ಕಾಂ. ಓದುತ್ತಿರುವ ಮಗಳು, ಮದುವೆಗೆ ಮೊದಲು ಎಲ್ಲಿಯೋ ಕೆಲಸ ಮಾಡಿದ್ದ ಸೊಸೆ, ನಿವೃತ್ತ ಮೇಷ್ಟರಾದ ಮಾವ. 2025ರ ಜನವರಿಯಿಂದ ಕ್ಲೈಂಟ್ ಯಾರೇ ಇರಲಿ, ನನ್ನ ವ್ಯವಹಾರ ಆ ಎರಡನೆಯವರೊಂದಿಗೆ. ಭಾನುವಾರ ರಾತ್ರಿಯೊಳಗೆ ಅವರು ವಾರದ ಖರೀದಿ ಬಿಲ್ಲುಗಳ ಫೋಟೊಗಳನ್ನೂ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಏಳು ದಿನಗಳ ನಗದು ಮಾರಾಟದ ಮೊತ್ತಗಳನ್ನೂ ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತಾರೆ. ಸೋಮವಾರ, ಮಂಗಳವಾರಗಳಂದು ನನ್ನ ಸಹಾಯಕಿ ಅವುಗಳನ್ನು ಲೆಕ್ಕಕ್ಕೆ ಏರಿಸುತ್ತಾರೆ. 14ನೆಯ ತಾರೀಖು 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ, ಬಂದಾಗ ತಾಳೆ ಹಾಕುವುದು ಮಾತ್ರ ಉಳಿದಿರುತ್ತದೆ. ಯಾವ ಬಿಲ್ಲು ಲೆಕ್ಕದ ಯಾವ ಶೀರ್ಷಿಕೆಗೆ ಹೋಗಬೇಕು ಎಂಬುದನ್ನು ಮುಕ್ಕಾಲು ಪಾಲು ತಾನೇ ನಿರ್ಧರಿಸುವ ಎಕ್ಸೆಲ್ ಹಾಳೆಯೊಂದನ್ನು ಕೆಲವು ತಿಂಗಳು ತಿದ್ದಿ ತಿದ್ದಿ ಮಾಡಿಕೊಂಡಿದ್ದೇನೆ. ಅದರ ಒಳಗುಟ್ಟನ್ನು ಇಲ್ಲಿ ಬಿಡುವುದಿಲ್ಲ, ಕೇಳಿದ ಗೆಳೆಯರಿಗೂ ಕೊಟ್ಟಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಈ ಪದ್ಧತಿಗೆ ಒಪ್ಪಿದವರು ಎಂಟೋ ಒಂಬತ್ತೋ ಅಂಗಡಿಗಳು ಮಾತ್ರ. ಸಂಖ್ಯೆ ಏರಿದ್ದು ಜುಲೈಯಲ್ಲಿ, ಅದರ ಕಾರಣವನ್ನು ಎಲ್ಲರೂ ಬಲ್ಲರು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದವು, ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳವರು ಹಾಲು ಮಾರದೆ ಪ್ರತಿಭಟಿಸಿದರು, ಹಲವರು ಕ್ಯೂಆರ್ ಫಲಕ ತೆಗೆದು 'ನಗದು ಮಾತ್ರ' ಎಂದು ಅಂಟಿಸಿದರು. ಬೆಂಗಳೂರಿನ ಬೇಕರಿಗಳಲ್ಲಿ ಎಷ್ಟೋ ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳವರದು. ಆದ್ದರಿಂದ ನೋಟಿಸು ಬಂದದ್ದು ಅಲ್ಲಿಯಾದರೂ ಫೋನು ಬಂದದ್ದು ಇಲ್ಲಿನ ಆಡಿಟರುಗಳಿಗೆ. ಸರಕು ಮಾತ್ರ ಮಾರುವವರಿಗೆ ನಲವತ್ತು ಲಕ್ಷ, ಸೇವೆಗೆ ಇಪ್ಪತ್ತು ಲಕ್ಷ ಎಂಬ ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿಯನ್ನು ಹೇಳುವುದು ಸುಲಭ. ಬ್ರೆಡ್ಡಿಗೆ ತೆರಿಗೆಯಿಲ್ಲದಿದ್ದರೂ ಕೇಕು ಮಾರುವ ಬೇಕರಿಯ ಒಟ್ಟು ವಹಿವಾಟಿನಲ್ಲಿ ಅದೂ ಸೇರುತ್ತದೆ ಎಂಬುದನ್ನು ಒಪ್ಪಿಸುವುದು ಕಷ್ಟ, ಗಾಜಿನ ಕಪಾಟಿನ ಪಕ್ಕದಲ್ಲಿ ಒಂದು ಟೀ ಕುದಿಯುತ್ತಿದ್ದರೆ ಮಿತಿ ನಲವತ್ತೋ ಇಪ್ಪತ್ತೋ ಎಂಬ ಚರ್ಚೆ ಇನ್ನೂ ಕಷ್ಟ.

ಆ ದಿನಗಳಲ್ಲಿ ನನ್ನ ಎಂಟೊಂಬತ್ತು ಅಂಗಡಿಗಳವರು ಯಾವ ಗಾಬರಿಯೂ ಇಲ್ಲದೆ ವ್ಯಾಪಾರ ನಡೆಸಿದ್ದನ್ನು ಪಕ್ಕದ ಅಂಗಡಿಗಳವರು ನೋಡಿದರು. ನಾನು ಮೊದಲ ದಿನವೇ ಹಾಕಿದ್ದ ಷರತ್ತು, ಅಂಗಡಿಯ ಕ್ಯೂಆರ್ ಕರೆಂಟ್ ಖಾತೆಗೆ ಮಾತ್ರ ಸೇರಬೇಕು, ಚೀಟಿ ಹಣ, ಕೈಸಾಲ, ತಮ್ಮನ ಮನೆ ಕಟ್ಟುವ ಹಣ ಯಾವುದೂ ಅದರೊಳಗೆ ಬರಬಾರದು ಎಂಬುದು. ಯುಪಿಐನಲ್ಲಿ ಬಂದ ಅರವತ್ತು ಲಕ್ಷದಲ್ಲಿ ಮಾರಾಟ ಎಷ್ಟು, ಚೀಟಿ ಎಷ್ಟು ಎಂದು ನಾಲ್ಕು ವರ್ಷದ ಸ್ಟೇಟ್‌ಮೆಂಟು ಹಿಡಿದು ಬಿಡಿಸುವ ಕೆಲಸವನ್ನು ಒಬ್ಬ ಸಂಬಂಧಿಕರಿಗಾಗಿ ಮಾಡಿದೆ. ರಾಗಿಯಿಂದ ಕಲ್ಲು ಆರಿಸಿದ ಹಾಗೆ, ಒಂದು ವಾರ ಬೇಕಾಯಿತು. ಅದಕ್ಕೆ ಫೀಸು ಪಡೆಯಲಿಲ್ಲ, ಆದರೆ ಆ ಸುದ್ದಿ ಸಂತೆಪೇಟೆಯಲ್ಲಿ ಹರಡಿದ್ದು ಫೀಸಿಗಿಂತ ದೊಡ್ಡದಾಯಿತು. ನಮ್ಮ ವೃತ್ತಿಯಲ್ಲಿ ಆಗ ಜಾಹೀರಾತಿಗೆ ಅವಕಾಶವಿಲ್ಲದಿದ್ದುದರಿಂದ ಸುದ್ದಿಯೊಂದೇ ದಾರಿಯಾಗಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ತಿಂಗಳ ಫೀಸಿನ ಕ್ಲೈಂಟುಗಳು ನಲವತ್ತರ ಹತ್ತಿರ ಬಂದಿದ್ದರು.

ಪದ್ಧತಿಯ ನಿಜವಾದ ಪರೀಕ್ಷೆ ನಡೆದದ್ದು ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆದಾಯ ತೆರಿಗೆಯ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಗಿ, ಕೊನೆಯ ಗಳಿಗೆಯಲ್ಲಿ ಮತ್ತೊಂದು ದಿನ ಮುಂದೆ ಸರಿದಿತ್ತು. ಅದು ಮುಗಿಯಿತೆನ್ನುವಷ್ಟರಲ್ಲಿ 22ರಂದು ಜಿಎಸ್‌ಟಿ ದರಗಳು ಬದಲಾದವು. ಬಹುತೇಕ ಸರಕುಗಳಿಗೆ ಶೇಕಡ 12 ಮತ್ತು 28ರ ಹಂತಗಳು ಹೋದವು, ಕೇಕು ಬಿಸ್ಕತ್ತುಗಳು ಶೇಕಡ 18ರಿಂದ 5ಕ್ಕೆ ಇಳಿದವು. ತಿಂಗಳ ನಡುವೆ ದರ ಬದಲಾದರೆ ಒಂದೇ ತಿಂಗಳ ಮಾರಾಟವನ್ನು ಎರಡಾಗಿ ಸೀಳಬೇಕು. 21ನೆಯ ತಾರೀಖು ಭಾನುವಾರ, ಅಂದರೆ ನನ್ನ ವಾರದ ಲೆಕ್ಕ ಮುಚ್ಚುವ ದಿನವೇ ಹಳೆಯ ದರದ ಕೊನೆಯ ದಿನ. ಇದು ನನ್ನ ಜಾಣತನವಲ್ಲ, ಅದೃಷ್ಟ. ಆದರೂ ಅಕ್ಟೋಬರಿನಲ್ಲಿ ಜಿಎಸ್‌ಟಿಯ ತಿಂಗಳ ರಿಟರ್ನಾದ 3ಬಿ ಸಲ್ಲಿಸುವಾಗ ಬೇರೆ ಕಚೇರಿಗಳಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತಿದ್ದಾಗ ನಾವು ಆರು ಗಂಟೆಗೆ ಬೀಗ ಹಾಕಿದ್ದನ್ನು ಹೇಳದೆ ಇರಲಾರೆ. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ಯೋಜನೆಯಲ್ಲಿ, ವಹಿವಾಟಿನ ಮೇಲೆ ಶೇಕಡ ಒಂದು ಕಟ್ಟುವ ಬೇಕರಿಗಳಿಗಂತೂ ದರ ಇಳಿದರೂ ಅವರು ಕಟ್ಟುವುದು ಬದಲಾಗುವುದಿಲ್ಲ. 'ಮೋದಿಯವರು ಕಡಿಮೆ ಮಾಡಿದ್ದಾರಲ್ಲ ಮೇಡಂ, ನಮಗೇಕೆ ಇಲ್ಲ' ಎಂಬ ಪ್ರಶ್ನೆಗೆ ಉತ್ತರಿಸುವುದರಲ್ಲಿಯೇ ದಸರಾ ಕಳೆಯಿತು. ಆಡಿಟ್ ವರದಿಯ ಗಡುವು ಹೈಕೋರ್ಟುಗಳ ಆದೇಶದ ಬಳಿಕ ಅಕ್ಟೋಬರ್ 31ಕ್ಕೂ, ಅಲ್ಲಿಂದ ನವೆಂಬರ್ 10ಕ್ಕೂ ಮುಂದೆ ಹೋಯಿತು. ನನ್ನಲ್ಲಿ ಆಡಿಟ್ ಪ್ರಕರಣಗಳು ಬೆರಳೆಣಿಕೆಯಷ್ಟು ಮಾತ್ರ ಇರುವುದರಿಂದ ಆ ಬಿಸಿ ನನಗೆ ಅಷ್ಟಾಗಿ ತಟ್ಟಲಿಲ್ಲ.

ಪದ್ಧತಿಯನ್ನು ಎಲ್ಲೆಡೆಯೂ ಹಾಗೆಯೇ ಅಳವಡಿಸಲು ಬರುವುದಿಲ್ಲ ಎಂದು ತಿಳಿಸಿಕೊಟ್ಟದ್ದು ಆಲೂಗಡ್ಡೆ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ತರಿಸಿ ಎಪಿಎಂಸಿಯಲ್ಲಿ ಮಾರುವ ವ್ಯಾಪಾರಿಯೊಬ್ಬರ ಇಡೀ ವರ್ಷದ ವಹಿವಾಟು ಮೇ ತಿಂಗಳ ಆಚೀಚೆ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಜಿಎಸ್‌ಟಿ ಇಲ್ಲ, ಆದರೆ ಆದಾಯ ತೆರಿಗೆ ಇದೆ. ಸ್ವಂತಕ್ಕೆ ಕೊಂಡು ಮಾರಿದ್ದು ಎಷ್ಟು, ಕಮಿಷನ್ನಿಗೆ ಮಾರಿಸಿದ್ದು ಎಷ್ಟು ಎಂಬುದು ಬೇರೆಯಾಗದಿದ್ದರೆ ವಹಿವಾಟಿನ ಒಂದು ನಿಗದಿತ ಪಾಲನ್ನೇ ಲಾಭವೆಂದು ತೋರಿಸಲು ಬಿಡುವ, 1961ರ ಆದಾಯ ತೆರಿಗೆ ಕಾಯಿದೆಯ 44ಎಡಿ ಅಡಿಯಲ್ಲಿ ಹೋಗುವಂತಿಲ್ಲ, ಏಕೆಂದರೆ ಕಮಿಷನ್ನಿನ ಆದಾಯಕ್ಕೆ ಆ ಸೆಕ್ಷನ್ನು ಸಲ್ಲುವುದಿಲ್ಲ. ವಾರದ ಲೆಕ್ಕ ಅವರಿಗೆ ತೀರಾ ತಡ. ಲಾರಿ ಇಳಿದ ರಾತ್ರಿಯೇ ಲಾರಿಯ ಲೆಕ್ಕ ಎಂದು ಬದಲಾಯಿಸಿದೆ. ಅವರಿಗೆ ಓದುಬರಹ ಬೇಸರವಾದ್ದರಿಂದ ಧ್ವನಿ ಸಂದೇಶಗಳನ್ನು ಕಳುಹಿಸಿದರು, ಹಿನ್ನೆಲೆಯಲ್ಲಿ ಹರಾಜಿನ ಕೂಗೇ ಹೆಚ್ಚು ಕೇಳುತ್ತಿತ್ತು. ಹೇಗೋ ಕೆಲಸವಾಯಿತು. ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ಸಾಧನವೊಂದನ್ನೂ ಪ್ರಯೋಗಿಸಿದೆ. ಅದು ಅವರ ವ್ಯಾಪಾರದ ಮಾತುಗಳನ್ನು ಏನೇನೋ ಮಾಡಿತು, ಬಿಟ್ಟುಬಿಟ್ಟೆ.

ಹಣದ ವಿಷಯಕ್ಕೆ ಬರುವುದಾದರೆ, ಕಾಂಪೊಸಿಷನ್ ಅಂಗಡಿಗಳಿಗೆ ತಿಂಗಳಿಗೆ ಸಾವಿರದ ಇನ್ನೂರು, ಮಾಮೂಲು ಜಿಎಸ್‌ಟಿಯವರಿಗೆ ಎರಡೂವರೆ ಸಾವಿರದಿಂದ ಮೇಲೆ ಪಡೆಯುತ್ತಿದ್ದೇನೆ. ವರ್ಷದ ಆದಾಯ ತೆರಿಗೆ ರಿಟರ್ನು ಅದರೊಳಗೇ ಸೇರಿದೆ, ನೋಟಿಸಿನ ಉತ್ತರ ಸೇರಿಲ್ಲ. ಈ ವರ್ಷ ಕೈಗೆ ಬಂದದ್ದು ಸುಮಾರು ಎಂಟು ಲಕ್ಷ. ಬಾಡಿಗೆ, ಸಹಾಯಕಿಯ ಸಂಬಳ, ಸಾಫ್ಟ್‌ವೇರು ಎಲ್ಲ ಸೇರಿ ಖರ್ಚು ಮೂರು ಲಕ್ಷ ದಾಟಿದೆ. ಬೆಂಗಳೂರಿನಲ್ಲಿ ಬಿಟ್ಟು ಬಂದ ಸಂಬಳಕ್ಕೆ ಇದು ಇನ್ನೂ ಸಮವಾಗಿಲ್ಲ ಎಂಬುದನ್ನು ಅಮ್ಮ ತಿಂಗಳಿಗೊಮ್ಮೆ ನೆನಪಿಸುತ್ತಾರೆ. ಬಾಕಿ ಎಂಬುದು ಮೂರು ನಾಲ್ಕು ಅಂಗಡಿಗಳಲ್ಲಿ ಮಾತ್ರ ಉಳಿದಿದೆ. ಫೀಸನ್ನು ತಿಂಗಳ ಯಾವ ದಿನ ಕೇಳಿದರೆ ಮಾತಿಲ್ಲದೆ ಬರುತ್ತದೆ ಎಂಬುದನ್ನು ಕಂಡುಕೊಂಡಿದ್ದೇನೆ, ಆದರೆ ಇದೇ ರಸ್ತೆಯಲ್ಲಿ ಇನ್ನೂ ಐದಾರು ಆಡಿಟರುಗಳಿರುವಾಗ ಅದನ್ನು ಬರೆಯುವುದು ವಿವೇಕವಲ್ಲ.

ಜನವರಿಯಿಂದ ಔಷಧಿ ಅಂಗಡಿಗಳಿಗೆ ಕೈಹಾಕುವ ಯೋಚನೆಯಿದೆ. ಅವಧಿ ಮುಗಿದ ಸರಕು ವಾಪಸು ಹೋಗಿ ತಿಂಗಳುಗಳ ಬಳಿಕ ಅದರ ಬೆಲೆಯನ್ನು ಬಾಕಿಯಲ್ಲಿ ಕಳೆಯುವ ಕ್ರೆಡಿಟ್ ನೋಟು ಬರುವ ವ್ಯಾಪಾರದಲ್ಲಿ ಭಾನುವಾರದ ಲೆಕ್ಕ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಮೊದಲು ಎರಡು ಅಂಗಡಿಗಳಲ್ಲಿ ನೋಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬರುವುದರಿಂದ ಎಕ್ಸೆಲ್ ಹಾಳೆಯ ಸೆಕ್ಷನ್ನುಗಳನ್ನೆಲ್ಲ ಅದಕ್ಕೆ ಮೊದಲು ಬದಲಾಯಿಸಬೇಕು, ಆ ಕೆಲಸಕ್ಕೆ ಫೆಬ್ರವರಿಯನ್ನು ಇಟ್ಟುಕೊಂಡಿದ್ದೇನೆ.