ಮುಂದಿನ ವರ್ಷ ಏನು ನೋಡುವುದು: ನಾನು ಪಟ್ಟಿ ಮಾಡುವ ರೀತಿ

ಪ್ರತಿ ಡಿಸೆಂಬರ್‌ನಲ್ಲಿ ಮುಂದಿನ ವರ್ಷ ಬರುವ ಸರಣಿಗಳ ಪಟ್ಟಿ ಮಾಡಿಕೊಳ್ಳುತ್ತೇನೆ. ಹೊಸದಾಗಿ ಶುರುವಾಗುವವು, ಇನ್ನೊಂದು ಸೀಸನ್‌ಗೆ ಮರಳಿ ಬರುವವು, ಎಲ್ಲವೂ ಒಂದು ನೋಟ್‌ಬುಕ್‌ನಲ್ಲಿ. ಮನೆಯಲ್ಲಿ ಯಾವ ತಿಂಗಳು ಯಾವ ಆ್ಯಪ್‌ಗೆ ದುಡ್ಡು ಕಟ್ಟಬೇಕು ಅನ್ನುವುದು ಈ ಪಟ್ಟಿ ನೋಡಿಯೇ ತೀರ್ಮಾನವಾಗುತ್ತದೆ. ಈಗಷ್ಟೇ 2026ರ ಪಟ್ಟಿ ಮುಗಿಸಿದೆ. ‘ಇದು ಬರುತ್ತೆ, ಅದು ಬರಲ್ಲ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?’ ಅಂತ ಸ್ನೇಹಿತರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು, ಘೋಷಣೆ ಆದದ್ದನ್ನೆಲ್ಲ ನಾನು ಬರೆದುಕೊಳ್ಳುವುದಿಲ್ಲ. ‘ಎರಡನೇ ಸೀಸನ್ ಖಚಿತ’ ಅನ್ನುವ ಸುದ್ದಿ ಬಂದರೆ ಕಂಪನಿ ದುಡ್ಡು ಹಾಕಲು ಒಪ್ಪಿದೆ ಅಂತ ಮಾತ್ರ ಅರ್ಥ. ಆಮೇಲೆ ಕತೆ ಬರೆಯಬೇಕು. ನಟರ ದಿನಾಂಕ ಹೊಂದಿಸಬೇಕು. ಶೂಟಿಂಗ್, ಎಡಿಟಿಂಗ್, ಗ್ರಾಫಿಕ್ಸ್, ಡಬ್ಬಿಂಗ್ ಎಲ್ಲ ಆಗಬೇಕು. ಹಾಗಾಗಿ ನಾನು ಕಾಯುವುದು ಒಂದೇ ಸುದ್ದಿಗೆ: ಶೂಟಿಂಗ್ ಮುಗಿಯಿತಾ? ಅದು ಗೊತ್ತಾದ ಮೇಲೆ ತಿಂಗಳು ಎಣಿಸುತ್ತೇನೆ.

ಈ ಲೆಕ್ಕವನ್ನು ನನಗೆ ಚೆನ್ನಾಗಿ ಕಲಿಸಿದ್ದು ‘ಸೆವೆರೆನ್ಸ್’ ಅನ್ನುವ ಅಮೆರಿಕದ ಸರಣಿ. ಮೊದಲ ಸೀಸನ್ 2022ರ ಏಪ್ರಿಲ್‌ನಲ್ಲಿ ಮುಗಿಯಿತು. ಕೊನೆಯ ಕಂತು ಎಂಥ ಜಾಗದಲ್ಲಿ ನಿಂತಿತು ಅಂತ ನೋಡಿದವರಿಗೆ ಗೊತ್ತು. ಎರಡನೇ ಸೀಸನ್ ಬರುತ್ತದೆ ಅಂತ ಆಗಲೇ ಹೇಳಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರುವಾಯಿತು. ಅಷ್ಟರಲ್ಲಿ 2023ರ ಮೇ 2ರಂದು ಹಾಲಿವುಡ್ ಬರಹಗಾರರು ಮುಷ್ಕರಕ್ಕೆ ಇಳಿದರು. ಜುಲೈನಲ್ಲಿ ನಟರೂ ಇಳಿದರು. ಬರಹಗಾರರ ಮುಷ್ಕರ 148 ದಿನ, ನಟರದ್ದು 118 ದಿನ ನಡೆಯಿತು. ಅರ್ಧಕ್ಕೆ ನಿಂತ ಶೂಟಿಂಗ್ ಮತ್ತೆ ಹಿಡಿದಿದ್ದು 2024ರ ಜನವರಿಯಲ್ಲಿ, ಮುಗಿದಿದ್ದು ಏಪ್ರಿಲ್‌ನಲ್ಲಿ. ಸೀಸನ್ ಬಂದಿದ್ದು 2025ರ ಜನವರಿ 17ಕ್ಕೆ. ಅಂದರೆ ಶೂಟಿಂಗ್ ಮುಗಿದ ಮೇಲೂ ಒಂಬತ್ತು ತಿಂಗಳು.

ಬೇರೆಯವುಗಳ ಜೊತೆ ಹೋಲಿಸಿದಾಗ ಒಂದು ಅಂದಾಜು ಸಿಕ್ಕಿತು. ‘ದಿ ವೈಟ್ ಲೋಟಸ್’ ಮೂರನೇ ಸೀಸನ್‌ನ ಶೂಟಿಂಗ್ ಥಾಯ್ಲೆಂಡ್‌ನಲ್ಲಿ 2024ರ ಆಗಸ್ಟ್‌ಗೆ ಮುಗಿಯಿತು, ಫೆಬ್ರವರಿ 16ಕ್ಕೆ ಮೊದಲ ಕಂತು ಬಂತು. ಆರು ತಿಂಗಳು. ಅಲ್ಲಿ ಇರುವುದೆಲ್ಲ ಮನುಷ್ಯರು, ಹೋಟೆಲ್, ಮಾತು. ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಸೀಸನ್ ಕೂಡ ಅದೇ ಆಗಸ್ಟ್‌ನಲ್ಲಿ ಶೂಟಿಂಗ್ ಮುಗಿಸಿತು, ಬಂದಿದ್ದು ಏಪ್ರಿಲ್‌ಗೆ. ‘ಸ್ಟ್ರೇಂಜರ್ ಥಿಂಗ್ಸ್’ ಕೊನೆಯ ಸೀಸನ್‌ಗೆ ಇಡೀ 2024 ಶೂಟಿಂಗ್ ನಡೆಯಿತು. ಡಿಸೆಂಬರ್‌ನಲ್ಲಿ ಮುಗಿಸಿದರೂ 2025ರ ನವೆಂಬರ್ 26ರವರೆಗೆ ಏನೂ ಬರಲಿಲ್ಲ. ಹನ್ನೊಂದು ತಿಂಗಳು! ದೈತ್ಯರು, ಬೇರೆ ಲೋಕ ಅಂತ ಇದ್ದರೆ ಗ್ರಾಫಿಕ್ಸ್‌ನವರೇ ಅರ್ಧ ವರ್ಷ ತಿನ್ನುತ್ತಾರೆ. ಹಾಗಾಗಿ ಮನೆ, ಆಫೀಸು, ಕೋರ್ಟಿನ ಕತೆಗೆ ಆರು ತಿಂಗಳು, ದೊಡ್ಡ ಗ್ರಾಫಿಕ್ಸ್ ಇದ್ದರೆ ಒಂಬತ್ತರಿಂದ ಹನ್ನೊಂದು ಅಂತ ಹಿಡಿಯುತ್ತೇನೆ.

ಇನ್ನು ಕೆಲವು ಸರಣಿಗಳು ಕಾಯಿಸುವುದೇ ಇಲ್ಲ. ಅವನ್ನು ತಯಾರಿಸುವ ಕ್ರಮವೇ ಬೇರೆ. ‘ಸ್ಲೋ ಹಾರ್ಸಸ್’ 2022ರ ಏಪ್ರಿಲ್‌ನಲ್ಲಿ ಶುರುವಾಯಿತು. 2025ರ ಸೆಪ್ಟೆಂಬರ್ ಹೊತ್ತಿಗೆ ಐದನೇ ಸೀಸನ್ ಬಂದಾಗಿತ್ತು. ಎರಡೆರಡು ಸೀಸನ್ ಒಟ್ಟಿಗೆ ಶೂಟ್ ಮಾಡುತ್ತಾರೆ, ಅದಕ್ಕೇ ಸಾಧ್ಯವಾಗುತ್ತದೆ. ಕೊರಿಯಾದ ‘ಸ್ಕ್ವಿಡ್ ಗೇಮ್’ ಕೂಡ ಹಾಗೇ. ಮೊದಲನೆಯದಾದ ಮೇಲೆ ಮೂರು ವರ್ಷ ಕಾಯಿಸಿದರು. ಆದರೆ ಎರಡು ಮತ್ತು ಮೂರನ್ನು ಒಟ್ಟಿಗೆ ಶೂಟ್ ಮಾಡಿದ್ದರಿಂದ 2024ರ ಡಿಸೆಂಬರ್ 26ಕ್ಕೆ ಒಂದು, 2025ರ ಜೂನ್ 27ಕ್ಕೆ ಇನ್ನೊಂದು ಬಂತು.

‘ದಿ ಪಿಟ್’ ಬಗ್ಗೆ ನನಗೆ ಜಾಸ್ತಿ ಪ್ರೀತಿ. ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ, ಒಂದು ಶಿಫ್ಟ್, ಗಂಟೆಗೊಂದು ಕಂತಿನಂತೆ ಹದಿನೈದು ಕಂತು. ಹೆಚ್ಚಿನ ಕತೆ ಒಂದೇ ಸೆಟ್‌ನಲ್ಲಿ ನಡೆಯುತ್ತದೆ. ಊರೂರು ಸುತ್ತುವ ಖರ್ಚಿಲ್ಲ, ರಾಕ್ಷಸರನ್ನು ಕಂಪ್ಯೂಟರ್‌ನಲ್ಲಿ ಕೂರಿಸುವ ಕೆಲಸವೂ ಇಲ್ಲ. ಮೊದಲ ಸೀಸನ್ 2025ರ ಜನವರಿ 9ಕ್ಕೆ ಶುರುವಾಗಿತ್ತು, ಎರಡನೆಯದು 2026ರ ಜನವರಿ 8ಕ್ಕೆ. ಸರಿಯಾಗಿ ಒಂದು ವರ್ಷ. ಮುಂಚೆ ಟಿವಿ ಸರಣಿಗಳು ಹೀಗೇ ಬರುತ್ತಿದ್ದವು, ಅಲ್ವಾ? ಪಾತ್ರಗಳ ಹೆಸರು ಮರೆಯುವುದರೊಳಗೆ ವಾಪಸ್. ಮೂರು ವರ್ಷಕ್ಕೊಮ್ಮೆ ಎಂಟು ಕಂತು ಕೊಡುವವರು ಇದನ್ನು ನೋಡಿ ಕಲಿಯಲಿ ಅಂತ ನನ್ನ ಮನಸ್ಸಿನಲ್ಲಿದೆ.

ಕನ್ನಡಕ್ಕೆ ಬಂದರೆ ಮಾತ್ರ ಶೂಟಿಂಗ್ ಲೆಕ್ಕ ಕೈಕೊಡುತ್ತದೆ. ‘ಏಕಂ’ ನೆನಪಿದೆಯಾ? ಕರಾವಳಿಯ ಏಳು ಕತೆಗಳು. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಮಾಡಿದ್ದು, ಸುಮಂತ್ ಭಟ್ ಮುಂದೆ ನಿಂತು ರೂಪಿಸಿದ್ದು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅವರಂಥ ನಟರಿದ್ದರು. ಕೆಲಸ ಶುರುವಾಗಿದ್ದು 2020ರಲ್ಲಿ. 2021ರ ಅಕ್ಟೋಬರ್‌ಗೆ ಎಡಿಟಿಂಗ್ ಕೂಡ ಮುಗಿದಿತ್ತು ಅಂತ ರಕ್ಷಿತ್ ಅವರೇ ಹೇಳಿದ್ದಾರೆ. ಆದರೆ ಕೊಳ್ಳಲು ಒಂದು ಒಟಿಟಿಯೂ ಮುಂದೆ ಬರಲಿಲ್ಲ. ಕೊನೆಗೆ ತಾವೇ ಒಂದು ವೆಬ್‌ಸೈಟ್ ಮಾಡಿ, 149 ರೂಪಾಯಿ ದರ ಇಟ್ಟು, 2024ರ ಜುಲೈ 13ಕ್ಕೆ ಬಿಡುಗಡೆ ಮಾಡಿದರು. ಎಲ್ಲ ಮುಗಿದು ಸಿದ್ಧವಾಗಿದ್ದ ಕೆಲಸ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬಾಗಿಲ ಹೊರಗೆ ನಿಂತಿತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಕನ್ನಡದ ಸರಣಿಗಳಿಗೆ ನನ್ನ ನೋಟ್‌ಬುಕ್‌ನಲ್ಲಿ ಬೇರೆ ಪ್ರಶ್ನೆ ಸೇರಿಕೊಂಡಿತು: ಯಾರು ಕೊಂಡಿದ್ದಾರೆ? ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಬರೆದುಕೊಳ್ಳುತ್ತೇನೆ.

ಅದಕ್ಕೇ 2025 ನನಗೆ ಖುಷಿ ಕೊಟ್ಟ ವರ್ಷ. ಏಪ್ರಿಲ್ 25ಕ್ಕೆ ಜೀ5ನಲ್ಲಿ ‘ಅಯ್ಯನ ಮನೆ’ ಬಂತು. ರಮೇಶ್ ಇಂದಿರಾ ನಿರ್ದೇಶನ, ಮದುವೆಯಾಗಿ ಬಂದ ಸೊಸೆಯಾಗಿ ಖುಷಿ ರವಿ. ಕಂತುಗಳು ಚಿಕ್ಕವು, ಒಂದೇ ಸಂಜೆಗೆ ಮುಗಿಯುತ್ತವೆ. ಆಗಸ್ಟ್‌ನಲ್ಲಿ ‘ಶೋಧ’. ಅದರಲ್ಲಿ ನಿರ್ದೇಶಕ ಪವನ್ ಕುಮಾರ್ ನಟರಾಗಿ ಮುಖ್ಯ ಪಾತ್ರದಲ್ಲಿದ್ದರು. ಅಕ್ಟೋಬರ್ 31ಕ್ಕೆ ‘ಮಾರಿಗಲ್ಲು’, ಕದಂಬರ ನಿಧಿ ಹುಡುಕುವ ಕತೆ. ಮೂರೂ ಒಂದೇ ಮಟ್ಟದಲ್ಲಿವೆ ಅಂತ ಹೇಳುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಮೂರು ಸಲ ಕನ್ನಡದ ಒಂದು ಸರಣಿಯ ತಾರೀಖನ್ನು ನಂಬಿಕೆಯಿಂದ ಬರೆದುಕೊಂಡೆ. ಹಿಂದೆ ಹಾಗಾಗಿರಲಿಲ್ಲ. ಮೂರನ್ನೂ ಬಂದ ಮೊದಲ ವಾರವೇ ನೋಡಿದೆ, ಬೇರೆಯವರಿಗೂ ನೋಡಿಸಿದೆ. ಮೊದಲ ವಾರದ ನೋಡುಗರನ್ನು ಕಂಪನಿಗಳು ಎಣಿಸುತ್ತವೆ. ಮಲಯಾಳಂ, ತಮಿಳು, ತೆಲುಗಿಗೆ ಸಿಗುವಷ್ಟು ಸರಣಿಗಳು ನಮಗೂ ಬೇಕು ಅಂದರೆ ‘ಆಮೇಲೆ ನೋಡಿದರಾಯಿತು’ ಅನ್ನುವ ಹಾಗಿಲ್ಲ.

ಅಮ್ಮನ ಪಟ್ಟಿಯ ಕತೆಯೇ ಬೇರೆ. ಅವರದ್ದು ದಿನಾ ಬರುವ ಧಾರಾವಾಹಿಗಳು. ಅಲ್ಲಿ ಒಂದು ವರ್ಷ ಮೊದಲೇ ಏನೂ ತಿಳಿಯುವುದಿಲ್ಲ. ಪ್ರೋಮೋ ಬಂದ ಮೇಲೆ ಕೆಲವು ವಾರದಲ್ಲಿ ಹೊಸದು ಶುರು. ಅದಕ್ಕೆ ಜಾಗ ಬಿಡಲು ಯಾವುದೋ ಹಳೆಯದು ಮುಗಿಯಬೇಕು, ಇಲ್ಲವೇ ಸಮಯ ಬದಲಾಗಬೇಕು. ಗುರುವಾರದ ಟಿಆರ್‌ಪಿ ನೋಡಿದರೆ ಯಾವುದಕ್ಕೆ ಕಷ್ಟ ಕಾದಿದೆ ಅಂತ ಸ್ವಲ್ಪ ಸುಳಿವು ಸಿಗುತ್ತದೆ. ಪ್ರೋಮೋದಲ್ಲಿ ಹೇಳಿದ ತಾರೀಖೂ ಗಟ್ಟಿಯಲ್ಲ. ಜೀ ಕನ್ನಡದ ‘ಕರ್ಣ’ 2025ರ ಜೂನ್ 16ಕ್ಕೆ ಅಂತ ಇತ್ತು. ಶುರುವಾಗಿದ್ದು ಜುಲೈ 3ಕ್ಕೆ. ಅದರ ನಾಯಕ ಕಿರಣ್ ರಾಜ್ ಅಂದರೆ ಅಮ್ಮನಿಗೆ ‘ಕನ್ನಡತಿ’ ಧಾರಾವಾಹಿಯಿಂದಲೂ ಅಭಿಮಾನ. ‘ಇವತ್ತಾದ್ರೂ ಬರುತ್ತೇನೋ ನೋಡಪ್ಪ’ ಅಂತ ದಿನಾ ಕೇಳುತ್ತಿದ್ದರು.

ಬಿಗ್ ಬಾಸ್ ಒಂದು ಮಾತ್ರ ನಾನು ಕಣ್ಣುಮುಚ್ಚಿ ಸೆಪ್ಟೆಂಬರ್ ಕೊನೆಯ ವಾರಕ್ಕೆ ಬರೆಯುತ್ತೇನೆ. 11ನೇ ಸೀಸನ್ 2024ರ ಸೆಪ್ಟೆಂಬರ್ 29ಕ್ಕೆ, 12ನೆಯದು 2025ರ ಸೆಪ್ಟೆಂಬರ್ 28ಕ್ಕೆ ಶುರುವಾಯಿತು. 11ನೆಯದೇ ತಮ್ಮ ಕೊನೆಯ ಸೀಸನ್ ಅಂತ ಸುದೀಪ್ ಹೇಳಿದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಅವರು ಮರಳಿ ಬಂದರು, ಅಮ್ಮನಿಗೆ ಸಮಾಧಾನವಾಯಿತು. ಈ ಕಾರ್ಯಕ್ರಮ ಶುರುವಾದರೆ ಅದು ಬರುವ ಕಲರ್ಸ್ ಕನ್ನಡ ಚಾನೆಲ್‌ನ ರಾತ್ರಿ ಧಾರಾವಾಹಿಗಳು ಜಾಗ ಬಿಡಬೇಕಾಗುತ್ತದೆ. ಅದನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ.

ಮರಳಿ ಬರುವ ಸರಣಿಗಳಿಗೆ ಸ್ವಲ್ಪ ತಯಾರಿ ಬೇಕು. ‘ಪಾತಾಳ್ ಲೋಕ್’ ಮೊದಲ ಸೀಸನ್ 2020ರ ಮೇ ತಿಂಗಳದ್ದು, ಎರಡನೆಯದು 2025ರ ಜನವರಿ 17ರದ್ದು. ಸೆವೆರೆನ್ಸ್ ಬಂದ ದಿನವೇ! ಐದು ವರ್ಷದ ಹಿಂದಿನ ಕತೆ ಯಾರಿಗೆ ನೆನಪಿರುತ್ತದೆ? ಹತ್ತು ನಿಮಿಷದಲ್ಲಿ ಕತೆ ಹೇಳಿ ಮುಗಿಸುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಅವನ್ನು ನೋಡುವುದಿಲ್ಲ. ಅದರಲ್ಲಿ ಘಟನೆಗಳು ಸಿಗುತ್ತವೆ, ಆದರೆ ಕತೆಯ ನಾಯಕನಾದ ಪೊಲೀಸ್ ಹಾಥಿರಾಮ್ ಚೌಧರಿ ಸುಸ್ತಾಗಿ ಮನೆಗೆ ಬಂದು ಕೂರುವ ರೀತಿ ಸಿಗುವುದಿಲ್ಲ. ಅದರ ಬದಲು ಹಳೆಯ ಸೀಸನ್‌ನ ಮೊದಲ ಕಂತು ಮತ್ತು ಕೊನೆಯ ಎರಡು ಕಂತು ನೋಡುತ್ತೇನೆ. ಮೊದಲನೆಯದು ಆ ಲೋಕದ ಗಾಳಿ ನೆನಪಿಸುತ್ತದೆ, ಕೊನೆಯವು ಕತೆ ಎಲ್ಲಿ ನಿಂತಿತ್ತು ಅಂತ ತೋರಿಸುತ್ತವೆ. ಹೊಸದು ಬರುವ ಹಿಂದಿನ ವಾರಾಂತ್ಯ ಇದಕ್ಕೇ ಮೀಸಲು.

ಎಷ್ಟು ಲೆಕ್ಕ ಹಾಕಿದರೂ ಪಟ್ಟಿಯಲ್ಲಿ ಜಾಗ ಖಾಲಿ ಬಿಡಲೇಬೇಕು. 2025ರ ಮಾರ್ಚ್ 13ಕ್ಕೆ ‘ಅಡೋಲೆಸೆನ್ಸ್’ ಬಂತು. ಹದಿಮೂರು ವರ್ಷದ ಹುಡುಗನೊಬ್ಬ ಕೊಲೆ ಆರೋಪದಲ್ಲಿ ಸಿಕ್ಕಿಬೀಳುವ ಕತೆ, ನಾಲ್ಕೇ ಕಂತು. ಒಂದೊಂದು ಕಂತೂ ಎಲ್ಲೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದಿದ್ದು. ಅಕ್ಕ ಫೋನ್ ಮಾಡಿ ‘ಇದನ್ನು ಬಿಡಬೇಡ ಕಣೋ’ ಅಂದಳು. ನೋಡಿದ ಮೇಲೆ ಆ ವರ್ಷ ಕಾದು ಕೂತು ನೋಡಿದ್ದೆಲ್ಲ ಸ್ವಲ್ಪ ಹಿಂದೆ ಸರಿಯಿತು. ಹೀಗೆ ಸದ್ದಿಲ್ಲದೆ ಬರುವವಕ್ಕೆ ಸಮಯ ಇರಲಿ ಅಂತ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಹೆಸರು ನಾನು ಬರೆಯುವುದಿಲ್ಲ.

ಆ್ಯಪ್ ವಿಚಾರ ಒಂದಿಷ್ಟು ಹೇಳಿಬಿಡುತ್ತೇನೆ. ಅಮೆರಿಕದ ಎಚ್‌ಬಿಒ ಚಾನೆಲ್‌ನ ಸರಣಿಗಳು ಮೊದಲು ಹಾಟ್‌ಸ್ಟಾರ್‌ನಲ್ಲಿದ್ದವು. 2023ರಲ್ಲಿ ಜಿಯೊಸಿನಿಮಾಕ್ಕೆ ಹೋದವು. 2025ರ ಫೆಬ್ರವರಿಯಲ್ಲಿ ಎರಡೂ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಅದಕ್ಕೇ ಆ್ಯಪ್ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಅಮೆರಿಕದ ಭಾನುವಾರ ರಾತ್ರಿ ನಮಗೆ ಸೋಮವಾರ ಬೆಳಿಗ್ಗೆ ಅನ್ನುವುದೂ ನೆನಪಿರಲಿ. ಕೆಲಸ ಮುಗಿಸಿ ಮನೆಗೆ ಬರುವವರೆಗೆ ಫೋನ್‌ನಲ್ಲಿ ಯಾರೂ ಕತೆ ಹೇಳದಂತೆ ನೋಡಿಕೊಳ್ಳಬೇಕು. ವಾರಕ್ಕೊಂದು ಕಂತು ಬರುವ ಸರಣಿಗೆ ಕೊನೆಯ ತಿಂಗಳಷ್ಟೇ ದುಡ್ಡು ಕಟ್ಟಿ ಒಟ್ಟಿಗೆ ನೋಡಿದರೆ ಹಣ ಉಳಿಯುತ್ತದೆ. ಆದರೆ ತುಂಬಾ ಇಷ್ಟದ್ದಕ್ಕೆ ನಾನು ಹಾಗೆ ಮಾಡುವುದಿಲ್ಲ. ವಾರವಿಡೀ ಸ್ನೇಹಿತರ ಜೊತೆ ‘ಮುಂದೇನಾಗಬಹುದು’ ಅಂತ ಮಾತಾಡುವ ಸುಖ ಬೇರೆಯೇ.

2026ರ ಜನವರಿ ತುಂಬಿ ಹೋಗಿದೆ. ಹೊಸ ವರ್ಷದ ಬೆಳಿಗ್ಗೆ 6.30ಕ್ಕೆ ಸ್ಟ್ರೇಂಜರ್ ಥಿಂಗ್ಸ್‌ನ ಕಟ್ಟಕಡೆಯ ಕಂತು. ದಿ ಪಿಟ್ 8ಕ್ಕೆ. 11ಕ್ಕೆ ಪ್ರೈಮ್ ವಿಡಿಯೊದಲ್ಲಿ ‘ದಿ ನೈಟ್ ಮ್ಯಾನೇಜರ್’ ಎರಡನೇ ಸೀಸನ್. ಮೊದಲನೆಯದು 2016ರದ್ದು, ಹತ್ತು ವರ್ಷದ ಅಂತರ! ಟಾಮ್ ಹಿಡಲ್‌ಸ್ಟನ್ ಈಗ ಆ ಪಾತ್ರವನ್ನು ಹೇಗೆ ಹಿಡಿಯುತ್ತಾರೆ ಅಂತ ನೋಡುವ ಆಸೆ ನನಗೆ ಎಲ್ಲಕ್ಕಿಂತ ಜಾಸ್ತಿ. 18ಕ್ಕೆ, ನಮಗೆ 19ರ ಬೆಳಿಗ್ಗೆ, ‘ಎ ನೈಟ್ ಆಫ್ ದಿ ಸೆವೆನ್ ಕಿಂಗ್ಡಮ್ಸ್’. ಇದರ ಶೂಟಿಂಗ್ 2024ರಲ್ಲೇ ಮುಗಿದಿತ್ತು. ನನ್ನ ಲೆಕ್ಕದಲ್ಲಿ 2025ಕ್ಕೇ ಬರಬೇಕಿತ್ತು. ಚಾನೆಲ್‌ನವರು ಜನವರಿಗೆ ಎತ್ತಿಟ್ಟುಕೊಂಡರು. ತಿಂಗಳಿಗೆ ಎರಡೇ ಹೆಸರು ಅನ್ನುವ ನಿಯಮವನ್ನು ಈ ಒಂದು ತಿಂಗಳಿಗೆ ಸಡಿಲ ಮಾಡಿದ್ದೇನೆ. ‘ಹೌಸ್ ಆಫ್ ದಿ ಡ್ರ್ಯಾಗನ್’ ಮೂರನೆಯದು ಜೂನ್‌ಗೆ. ಅದರ ಎರಡನೇ ಸೀಸನ್‌ನ ಕೊನೆಯ ಕಂತುಗಳನ್ನು ಮೇ ತಿಂಗಳಲ್ಲಿ ಮತ್ತೆ ನೋಡುತ್ತೇನೆ. ಮಾರ್ಚ್ ಮತ್ತು ಆಗಸ್ಟ್‌ನಲ್ಲಿ ಒಂದೊಂದು ಸಾಲು ಖಾಲಿ ಇದೆ, ಎರಡರ ಮೇಲೂ ‘ಕನ್ನಡ’ ಅಂತ ಬರೆದಿದ್ದೇನೆ. ಬೇರೆ ಯಾವ ಭಾಷೆಯ ಸರಣಿಗೂ ಆ ಸಾಲುಗಳನ್ನು ಕೊಡುವುದಿಲ್ಲ.