ಎಂಟಾಣೆ ಗಾತ್ರದಲ್ಲೇ ಹಿಡಿಯಬೇಕು: ಕಣಜದ ಗೂಡುಗಳೊಂದಿಗೆ ನನ್ನ ಅನುಭವ

ಈ ವರ್ಷ ಯುಗಾದಿ ಕಳೆದು ಎರಡು ತಿಂಗಳಾದರೂ ನಮ್ಮ ಕಟ್ಟಡದಲ್ಲಿ ಯಾರಿಗೂ ಕಣಜ ಕಚ್ಚಿಲ್ಲ. ಇದನ್ನು ಬರೆಯುವ ಧೈರ್ಯ ಬಂದಿರುವುದೇ ಅದರಿಂದ. ಮೂರು ವರ್ಷದ ಹಿಂದೆ ನಾನು ಬೆಳ್ಳಂಬೆಳಗ್ಗೆ ಕೋಲು ಹಿಡಿದು ಸುತ್ತು ಹಾಕತೊಡಗಿದಾಗ ಸೊಸೈಟಿಯ ಕಾರ್ಯದರ್ಶಿ, "ಕಾಕಾ, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇದೇ ನೌಕರಿಯೇ?" ಎಂದು ನಕ್ಕಿದ್ದರು. ಈಗ ಅವರ ಬಾಲ್ಕನಿಯನ್ನು ನೋಡಿಕೊಳ್ಳುವವನೂ ನಾನೇ.

ನಮ್ಮ ಮನೆ ಪುಣೆಯ ಕೋಥ್‌ರೂಡ್‌ನಲ್ಲಿ, ಬೆನ್ನಿಗೇ ಗುಡ್ಡ. ಮೊದಲ ವರ್ಷ ಸಜ್ಜಾದ ಕೆಳಗೆ, ಕಿಟಕಿಯ ಗ್ರಿಲ್‌ನಲ್ಲಿ, ಏಸಿಯ ಹೊರಡಬ್ಬದ ಹಿಂದೆ ಎಲ್ಲ ಸೇರಿ ಹನ್ನೊಂದೋ ಹನ್ನೆರಡೋ ಗೂಡುಗಳಿದ್ದವು. ಔಷಧಿ ಹೊಡೆಯುವವನು 1,800 ರೂಪಾಯಿ ತೆಗೆದುಕೊಂಡು ಹೋದ. ಇಪ್ಪತ್ತು ದಿನಗಳಲ್ಲಿ ಅದೇ ಸಜ್ಜಾದ ಕೆಳಗೆ, ಒಂದು ಗೇಣು ಆಚೆಗೆ, ಹೊಸ ಗೂಡು! ಎರಡನೆಯ ಸಲ 2,500 ಕೇಳಿದ, ಕೊಟ್ಟೆ. ಅದೇ ವಾರ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಯ ಕಿವಿಗೆ ಕಚ್ಚಿತು. ವೈದ್ಯರು, ಮಾತ್ರೆ ಎಂದು ಮತ್ತೆ ಸಾವಿರದ ಮೇಲೆ ಹೋಯಿತು. "ರೀ, ಆ ದುಡ್ಡಿನಲ್ಲಿ ಒಂದು ಒಳ್ಳೆಯ ಸೀರೆ ಬರುತ್ತಿತ್ತು" ಎಂಬ ಮಾತನ್ನು ಇಂದಿಗೂ ಕೇಳುತ್ತಿದ್ದೇನೆ.

ಆಮೇಲೆ ನಾನೇ ಕೈ ಹಾಕಿದೆ. ಮೊದಲ ಪ್ರಯತ್ನ ಶುದ್ಧ ದಡ್ಡತನ. ರಾತ್ರಿ ಅವು ಮಲಗಿರುತ್ತವೆ ಎಂದುಕೊಂಡು ಕೈಯಲ್ಲಿ ಟಾರ್ಚ್ ಹಿಡಿದು ಗೂಡನ್ನು ತಿವಿದೆ. ಕಣಜಗಳು ನೇರವಾಗಿ ಬೆಳಕಿನತ್ತ ಹಾರಿದವು, ಅಂದರೆ ನನ್ನ ಕೈಗೆ. ನಾಲ್ಕು ಕಡೆ ಕಚ್ಚಿಸಿಕೊಂಡೆ. ಜೇನಿನಂತೆ ಇವು ಮುಳ್ಳು ಬಿಟ್ಟು ಹೋಗುವುದಿಲ್ಲ, ಒಂದೇ ಹುಳು ಎರಡು ಮೂರು ಸಲ ಕಚ್ಚುತ್ತದೆ ಎಂಬುದನ್ನು ಓದಿ ಕಲಿಯಬೇಕಾಗಲಿಲ್ಲ. ಈಗ ರಾತ್ರಿ ಕೆಲಸವಿದ್ದರೆ ಟಾರ್ಚಿಗೆ, ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣುವುದಿಲ್ಲವೆಂದು, ಕೆಂಪು ಪಾರದರ್ಶಕ ಕಾಗದ ಸುತ್ತಿ ದೂರದ ಸ್ಟೂಲಿನ ಮೇಲಿಡುತ್ತೇನೆ, ಕೈಯಲ್ಲಿ ಹಿಡಿಯುವುದಿಲ್ಲ.

ಕಡೆಗೆ ಕೆಲಸ ಮಾಡಿದ್ದು ವಿಷವಲ್ಲ, ಹೊತ್ತು. ಕಣಜಗಳು ಇಲ್ಲಿ ಯಾವಾಗ ಬೇಕಾದರೂ ಗೂಡು ಕಟ್ಟುತ್ತವೆ, ಆದರೆ ನಮ್ಮ ಕಟ್ಟಡದಲ್ಲಿ ಹೊಸ ಗೂಡುಗಳ ಭರಾಟೆ ಇರುವುದು ಶಿವರಾತ್ರಿಗೂ ಯುಗಾದಿಗೂ ನಡುವೆ. ಆಗ ಗೂಡು ಹಳೆಯ ಎಂಟಾಣೆಯಷ್ಟೇ ಅಗಲ: ಬೂದುಬಣ್ಣದ ಕಾಗದದಂಥ ಆರೇಳು ಕೋಣೆಗಳು, ಮೇಲೊಂದು ಕಡ್ಡಿಯಂಥ ತೊಟ್ಟು, ಕಾವಲಿಗೆ ಒಂದೋ ಎರಡೋ ಹೆಣ್ಣು. ಬಿಸಿಲೇರುವ ಮುನ್ನ ಅವು ಮಂಕಾಗಿರುತ್ತವೆ. ಸೋಪಿನ ನೀರು ಸಿಂಪಡಿಸಿ, ಉದ್ದ ಕೋಲಿನಿಂದ ತೊಟ್ಟನ್ನು ಕಿತ್ತರೆ ಮುಗಿಯಿತು. ಏಪ್ರಿಲ್‌ವರೆಗೆ ಬಿಟ್ಟಿರೋ, ನಿಮ್ಮ ಕೋಲಿಗೆ ಅವು ಹೆದರುವುದಿಲ್ಲ. ಕಿತ್ತ ಜಾಗವನ್ನು ಉಜ್ಜಿ ತೊಳೆದು ಒಂದು ಎಣ್ಣೆ ಸವರುತ್ತೇನೆ. ಅದರಲ್ಲಿ ಬೇವಿನೆಣ್ಣೆ ಇದೆ. ಇನ್ನೆರಡು ವಸ್ತುಗಳಿವೆ, ಅವನ್ನು ಕಾರ್ಯದರ್ಶಿಗೂ ಹೇಳಿಲ್ಲ.

ಗೇಟಿನ ಪಕ್ಕದಲ್ಲಿದ್ದ ಹಳೆಯ ಮರದ ಬೆಂಚಿಗೆ ವಾರ್ನಿಷ್ ಬಳಿಸಿದೆ, 600 ರೂಪಾಯಿ. ಆ ಮರದ ಒಣಗಿದ ಮೇಲ್ಪದರವನ್ನು ಕಣಜಗಳು ಗೂಡು ಕಟ್ಟಲು ಕೆರೆದು ಒಯ್ಯುವುದನ್ನು ಕಣ್ಣಾರೆ ಕಂಡಿದ್ದೆ. ಕಿವಿಗೊಟ್ಟರೆ ಕೆರೆಯುವ ಸದ್ದೂ ಕೇಳುತ್ತದೆ. ಜಾಲರಿಗೆ, ಸಂದು ಮುಚ್ಚುವ ಸಿಲಿಕಾನ್‌ಗೆ ಸುಮಾರು ಒಂದೂವರೆ ಸಾವಿರ. ಔಷಧಿಯವನ ಎರಡು ಭೇಟಿಗಳಿಗಿಂತ ಎಷ್ಟು ಕಡಿಮೆ ಎಂದು ನೀವೇ ಲೆಕ್ಕ ಹಾಕಿ.

ಗೂಡಿನಾಕಾರಕ್ಕೆ ಕಂದು ಕಾಗದದ ಚೀಲವನ್ನು ಉಬ್ಬಿಸಿ ನೇತುಹಾಕಿದರೆ ಬೇರೆ ಕಣಜಗಳು ಹೆದರಿ ಬರುವುದಿಲ್ಲ ಎಂದು ಕೇಳಿ ಅದನ್ನೂ ಮಾಡಿದೆ. ಮೂರನೆಯ ವಾರ ಆ ಚೀಲದ ಪಕ್ಕದಲ್ಲೇ ಒಂದು ಗೂಡು ಎದ್ದಿತು.

ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿನ ಕಥೆ ಬೇರೆ. ಅದು ಒಂಟಿ, ಮೈಮೇಲೆ ಬರುವುದು ಕಡಿಮೆ. ಆದರೆ ನಮ್ಮ ಏಸಿಯ ನೀರು ಹೋಗುವ ಕೊಳವೆಗೆ ಮಣ್ಣು ಮೆತ್ತಿಬಿಟ್ಟಿತ್ತು. ಗೋಡೆ ಒದ್ದೆಯಾಗಿ, ಮೆಕ್ಯಾನಿಕ್ 700 ತೆಗೆದುಕೊಂಡು, ಅನಿಲ ಸೋರಿದೆ ಎಂದು ಹೇಳಿ ಹೋದ! 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಸಮುದ್ರಕ್ಕೆ ಬಿದ್ದ ವಿಮಾನದ ವೇಗ ಅಳೆಯುವ ಕೊಳವೆಯಲ್ಲಿ ಇಂಥದೇ ಹುಳು ಮನೆ ಮಾಡಿತ್ತೆಂಬ ಶಂಕೆಯಿದೆ. ನನ್ನದು ಅಗ್ಗದಲ್ಲಿ ಮುಗಿಯಿತು. ಕೊಳವೆಯ ಬಾಯಿಗೆ ಜಾಲರಿ ಕಟ್ಟಿದೆ. ಕುತೂಹಲಕ್ಕೆ ಒಂದು ಮಣ್ಣಿನ ಕೋಣೆಯನ್ನು ಒಡೆದು ನೋಡಿದರೆ ಒಳಗೆ ಹದಿನಾಲ್ಕು ಜೇಡಗಳು ಒತ್ತೊತ್ತಾಗಿದ್ದವು. ಸತ್ತಿರಲಿಲ್ಲ. ಕಡ್ಡಿ ಮುಟ್ಟಿಸಿದರೆ ಒಂದರ ಕಾಲು ಅಲುಗಿತು. ಮರಿಗೆ ತಾಜಾ ಊಟವಿರಲೆಂದು ತಾಯಿ ಚುಚ್ಚಿ ಮಲಗಿಸಿಟ್ಟಿದ್ದಳು.

ಒಂದು ಎಚ್ಚರಿಕೆ: ಮೂರಡಿಯ ಹೆಜ್ಜೇನಿನ ತಟ್ಟಿಯನ್ನು ಕಣಜವೆಂದು ಭಾವಿಸಿ ನನ್ನ ಕೋಲಿನ ಉಪಾಯ ಮಾಡಬೇಡಿ. ಕಣಜಕ್ಕೆ ಸಪೂರ ಸೊಂಟ, ಹಾರುವಾಗ ಹಿಂಗಾಲು ಜೋತಾಡುತ್ತವೆ. ಹೆಜ್ಜೇನಾದರೆ ತಿಳಿದವರನ್ನೇ ಕರೆಯಿರಿ. ಕಚ್ಚಿಸಿಕೊಂಡವರಿಗೆ ಮುಖ ಊದಿ ಉಸಿರು ಕಟ್ಟಿದರೆ ಸುಣ್ಣ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಓಡಿ.

ಕಳೆದ ವರ್ಷ ಹುಮ್ಮಸ್ಸಿನಲ್ಲಿ ಒಂದೂ ಗೂಡು ಉಳಿಸಲಿಲ್ಲ. ಜುಲೈ ಹೊತ್ತಿಗೆ ಕುಂಡದ ನಿಂಬೆ, ಕರಿಬೇವು ಎರಡನ್ನೂ ಹಸಿರು ಕಂಬಳಿಹುಳುಗಳು ಕಡ್ಡಿ ಮಾತ್ರ ಉಳಿಸಿ ಮೇಯ್ದುಬಿಟ್ಟವು. ಆ ಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುತ್ತಿದ್ದವರನ್ನು ನಾನೇ ಓಡಿಸಿದ್ದೆನಲ್ಲ. ಈ ಸಲ ನೀರಿನ ಟಾಕಿಯ ಹಿಂದೆ, ಯಾರೂ ಹೋಗದ ಮೂಲೆಯಲ್ಲಿ, ಒಂದು ಗೂಡನ್ನು ಮುಟ್ಟದೆ ಬಿಟ್ಟಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.